ನಮ್ಮ ಹಿತ್ತಲಲ್ಲಿ 10:04ರ ಮಿಂಚು

‘ಬ್ಯಾಕ್ ಟು ದ ಫ್ಯೂಚರ್’ ಸರಣಿಯ ಮೊದಲ ಸಿನಿಮಾ ತೆರೆ ಕಂಡದ್ದು 1985ರ ಜುಲೈ 3ರಂದು. ಅದಕ್ಕೆ ನಲವತ್ತು ತುಂಬಿದ ದಿನ ಗುರುವಾರ ಬಿತ್ತು, ಮಾರನೇ ದಿನ ಅಮೆರಿಕದ ಸ್ವಾತಂತ್ರ್ಯ ದಿನದ ರಜೆ. ಲಾಸ್ ಏಂಜಲೀಸ್ ಪಕ್ಕದಲ್ಲಿರುವ ನಮಗೆ ಇದಕ್ಕಿಂತ ಒಳ್ಳೆ ಮುಹೂರ್ತ ಬೇಕೆ? ಮಗಳಿಗೂ ಆಗ ಹದಿನೇಳು, ಕಥಾನಾಯಕ ಮಾರ್ಟಿಯ ವಯಸ್ಸೇ. ಹಾಸನದಿಂದ ಅಪ್ಪ ಬಂದಿದ್ದರು. ಹಿತ್ತಲಲ್ಲಿ ಪರದೆ ಕಟ್ಟಿ, ನಾಲ್ಕು ಮನೆಯವರನ್ನು ಕರೆದು ಹಬ್ಬ ಮಾಡಿಯೇಬಿಡೋಣ ಅಂತ ಏಪ್ರಿಲ್‌ನಲ್ಲೇ ನಿಶ್ಚಯಿಸಿದೆ.

ಮಾರ್ಟಿ ಕಾಲಯಂತ್ರದಲ್ಲಿ 1985ರಿಂದ 1955ಕ್ಕೆ ಹೋಗಿ, ಹದಿಹರೆಯದ ತನ್ನ ಅಪ್ಪ ಅಮ್ಮನನ್ನೇ ಭೇಟಿಯಾಗುವ ಕಥೆ ಇದು. ಆದರೂ ಈ ಸಿನಿಮಾ ಅಂದರೆ ಜನ ಮೊದಲು ಹೇಳುವುದು ಕಾಲಯಂತ್ರವಾದ ಆ ಕಾರು. ಸ್ಟೀಲಿನ ಮೈ, ರೆಕ್ಕೆಯಂತೆ ಮೇಲಕ್ಕೇಳುವ ಬಾಗಿಲಿನ ಡಿಲೋರಿಯನ್. ನನಗೂ ಅದು ಪ್ರಾಣ. ಆದರೆ ಈ ಕಥೆ ಹುಟ್ಟಿದ್ದು ಕಾರಿನಿಂದಲ್ಲ. ಚಿತ್ರಕಥೆ ಬರೆದ ಇಬ್ಬರಲ್ಲಿ ಒಬ್ಬರಾದ ಬಾಬ್ ಗೇಲ್ ತಮ್ಮ ತಂದೆಯ ಹೈಸ್ಕೂಲ್ ವಾರ್ಷಿಕ ಸಂಚಿಕೆಯನ್ನು ತಿರುವಿಹಾಕುತ್ತಿದ್ದಾಗ, ಅಪ್ಪ ಓದುವಾಗ ತರಗತಿಯ ಅಧ್ಯಕ್ಷರಾಗಿದ್ದರು ಅನ್ನುವುದು ಗೊತ್ತಾಯಿತಂತೆ. ಅದೇ ಶಾಲೆಯಲ್ಲಿ ಅಪ್ಪನ ಜೊತೆ ಓದಿದ್ದರೆ ನಾವಿಬ್ಬರೂ ಸ್ನೇಹಿತರಾಗುತ್ತಿದ್ದೆವೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. ಮೊದಲ ಕರಡುಗಳಲ್ಲಿ ಕಾಲಯಂತ್ರ ಒಂದು ಫ್ರಿಜ್ ಆಗಿತ್ತು, ಕಾರು ಬಂದದ್ದು ಆಮೇಲೆ. ಹಾಗಾಗಿ ಬರುವವರಿಗೆ ನಾನು ವೇಷದ ಮಾತೇ ಎತ್ತಲಿಲ್ಲ. ನಿಮ್ಮ ಅಮ್ಮನದೋ ಅಪ್ಪನದೋ ಹದಿನೇಳರ ಆಸುಪಾಸಿನ ಒಂದು ಫೋಟೋ ತನ್ನಿ, ಅಷ್ಟೇ ಸಾಕು ಅಂದೆ.

ನಾನು ಮಾಡಬೇಕಿದ್ದದ್ದು ಕಾರಿನೊಳಗಿನ ಕಾಲಫಲಕ. ಮೂರು ಸಾಲು: ಹೋಗಬೇಕಾದ ಕಾಲ ಕೆಂಪಿನಲ್ಲಿ, ಈಗಿನ ಕಾಲ ಹಸಿರಿನಲ್ಲಿ, ಬಿಟ್ಟು ಬಂದ ಕಾಲ ಹಳದಿಯಲ್ಲಿ. ಪ್ರತಿ ಸಾಲಿಗೂ ತಿಂಗಳಿಗೆ ಮೂರು ಅಕ್ಷರ, ಆಮೇಲೆ ದಿನ, ವರ್ಷ, ಗಂಟೆ, ನಿಮಿಷ ಸೇರಿ ಹತ್ತು ಅಂಕಿ. ಮೂರೂ ಸಾಲಿಗೆ ಮೂರು ಗಡಿಯಾರ ಬೇಕು ಅಂದುಕೊಂಡು ಬಿಡಿಭಾಗಗಳ ಪಟ್ಟಿ ಹಾಕಿದ್ದೆ. ಮಗಳು ಅದನ್ನು ನೋಡಿ, “ಅಪ್ಪ, ನಡೆಯೋದು ಮಧ್ಯದ ಸಾಲು ಮಾತ್ರ ಅಲ್ವಾ? ಮೇಲೆ ಕೆಳಗೆ ಇರೋದು ಬರೀ ನಂಬರ್” ಅಂದಳು. ನಿಜ. ಒಂದೇ ಒಂದು ಡಿಎಸ್3231 ಗಡಿಯಾರದ ಚಿಪ್ಪು, ಎಲ್ಲವನ್ನೂ ನಡೆಸಲು ಆರ್ಡುಯಿನೋ ಎಂಬ ಒಂದು ಪುಟ್ಟ ಕಂಪ್ಯೂಟರ್ ಬೋರ್ಡು ಸಾಕಾಯಿತು.

ತೊಡಕಾದದ್ದು ಅಂಕಿಗಳಲ್ಲಿ. ಅಂಕಿಗಳನ್ನು ಬೆಳಗಿಸಲು ನಾನು ಆರಿಸಿದ್ದ ಮ್ಯಾಕ್ಸ್7219 ಚಿಪ್ಪಿಗೆ ಕಾಮನ್ ಕ್ಯಾಥೋಡ್ ಬಗೆಯ, ಅಂದರೆ ಎಲ್ಲ ಗೆರೆಗಳ ಋಣ ತುದಿ ಒಂದೇ ಕಡೆ ಸೇರಿದ, ಸೆವೆನ್ ಸೆಗ್ಮೆಂಟ್ (ಏಳು ಗೆರೆಗಳಲ್ಲಿ ಅಂಕಿ ತೋರಿಸುವ ದೀಪ) ಬೇಕು. ಹಳದಿಯವು ಮಾತ್ರ ಅದಕ್ಕೆ ತಿರುಗಮುರುಗಾದ ಕಾಮನ್ ಆನೋಡ್ ಬಂದಿದ್ದವು. ತರಿಸುವಾಗ ನಾನು ಸರಿಯಾಗಿ ನೋಡಿರಲಿಲ್ಲ. ಬೆಸುಗೆ ಹಾಕಿ ಕರೆಂಟ್ ಕೊಟ್ಟರೆ ವರ್ಷದ ಜಾಗದಲ್ಲಿ ಅರ್ಥವಿಲ್ಲದ ಗೆರೆಗಳು. ಎರಡು ರಾತ್ರಿ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಮಲ್ಟಿಮೀಟರ್ ಹಿಡಿದು ಒಂದೊಂದೇ ಕಾಲು ಪರೀಕ್ಷಿಸಿದಾಗ ವಿಷಯ ತಿಳಿಯಿತು. ಹತ್ತೂ ಅಂಕಿಗಳನ್ನು ಕಿತ್ತು ಬೇರೆ ತರಿಸಿದೆ. ಇನ್ನೊಂದು ಮಾತು: ಆ ಚಿಪ್ಪು ಒಂದಕ್ಕೆ ಎಂಟೇ ಅಂಕಿ ನಡೆಸುತ್ತದೆ. ಹತ್ತು ಬೇಕಾದರೆ ಸಾಲಿಗೆ ಎರಡು ಚಿಪ್ಪು. ಮಾಡುವವರು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಹಬ್ಬದ ಹಿಂದಿನ ವಾರಾಂತ್ಯ ಅಪ್ಪನನ್ನೂ ಕರೆದುಕೊಂಡು ಚಿತ್ರೀಕರಣದ ಜಾಗಗಳಿಗೆ ಹೋಗಿ ಬಂದೆವು. ಕಾಲಯಂತ್ರ ಮಾಡಿದ ವಿಜ್ಞಾನಿ ಡಾಕ್ ಬ್ರೌನ್ ಮನೆಯಾಗಿ ಕಾಣುವ ಪ್ಯಾಸಡಿನಾದ ಗ್ಯಾಂಬಲ್ ಹೌಸ್ 1908ರದು. ಅದರ ಮರದ ಕೆಲಸ ನೋಡುತ್ತಾ ಅಪ್ಪ ಅಲ್ಲೇ ನಿಂತುಬಿಟ್ಟರು. ಕಾಲಯಂತ್ರ ಮೊದಲ ಸಲ ಓಡುವ ಮಾಲ್ ಇರುವುದು ಸಿಟಿ ಆಫ್ ಇಂಡಸ್ಟ್ರಿ ಎಂಬ ಊರಿನಲ್ಲಿ, ಮಾಲಿನ ಹೆಸರು ಪ್ವೆಂಟೆ ಹಿಲ್ಸ್. ಒಳಗೆ ಅಂಗಡಿಗಳೆಲ್ಲ ಹೆಚ್ಚುಕಮ್ಮಿ ಖಾಲಿ. ಹೊರಗಿನ ಕಾರು ನಿಲ್ಲಿಸುವ ಜಾಗ ಮಾತ್ರ ಹಾಗೇ ಹರಡಿಕೊಂಡಿದೆ. ಕಾಲ ದಾಟಲು ಆ ಕಾರು ಮುಟ್ಟಬೇಕಾದ ವೇಗ ಗಂಟೆಗೆ 88 ಮೈಲಿ, ಅಂದರೆ ಹೆಚ್ಚುಕಡಿಮೆ 142 ಕಿಲೋಮೀಟರ್. ಆ ಬಯಲಿನಲ್ಲಿ ನಿಂತಾಗ ಆ ವೇಗ ಎಷ್ಟೆಂದು ಮೈಗೆ ತಾಗಿತು.

ಹಬ್ಬದ ರಾತ್ರಿಗೆ ನನ್ನ ಮನಸ್ಸಿನಲ್ಲಿದ್ದ ಆಸೆ ಬೇರೆಯೇ. ಸಿನಿಮಾದಲ್ಲಿ 1955ರ ನವೆಂಬರ್ 12ರ ರಾತ್ರಿ 10:04ಕ್ಕೆ ಗಡಿಯಾರದ ಗೋಪುರಕ್ಕೆ ಸಿಡಿಲು ಬಡಿಯುತ್ತದೆ, ಮಾರ್ಟಿ ಅದರ ಬಲದಿಂದ ತನ್ನ ಕಾಲಕ್ಕೆ ವಾಪಸಾಗುತ್ತಾನೆ. ನಮ್ಮ ಹಿತ್ತಲಿನ ಫಲಕದ ಹಸಿರು ಸಾಲು 10:04 ತೋರಿಸುವಾಗಲೇ ಪರದೆಯ ಮೇಲೆ ಆ ಮಿಂಚು ಹೊಳೆಯಬೇಕು. ಡಿಸ್ಕ್ ಹಾಕಿ ಸ್ಟಾಪ್‌ವಾಚ್ ಹಿಡಿದು ಕೂತೆ. ಆರಂಭದಿಂದ ಮಿಂಚಿನವರೆಗೆ ಸುಮಾರು ಒಂದು ಗಂಟೆ ನಲವತ್ತು ನಿಮಿಷ. ಅಂದರೆ ಎಂಟೂಕಾಲು ದಾಟುತ್ತಲೇ ಶುರುಮಾಡಬೇಕು. ಜುಲೈನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ಎಂಟು ಗಂಟೆಯ ಮೇಲೆ! ಬೆಳಕು ಇನ್ನೂ ಇರುವಾಗ ಪ್ರೊಜೆಕ್ಟರ್ ಚಿತ್ರ ತೊಳೆದುಹೋದಂತೆ ಕಾಣುತ್ತದೆ. ಪರದೆಯನ್ನು ಮನೆಯ ಪೂರ್ವದ ಗೋಡೆಗೆ ಕಟ್ಟಿ ನೋಡಿದೆ. ಪಡುವಣದ ಬೆಳಕು ಮನೆಯ ಹಿಂದೆ ಉಳಿದು, ಪರದೆಯ ಮೇಲೆ ನೆರಳು ಬಿತ್ತು. ಮೊದಲ ಹತ್ತು ಹದಿನೈದು ನಿಮಿಷ ಬಣ್ಣ ಸ್ವಲ್ಪ ಪೇಲವವಾದರೂ ಪರವಾಗಿಲ್ಲ ಅಂದುಕೊಂಡೆ.

ಬಿಸಿಬೇಳೆಬಾತ್, ಕೋಸಂಬರಿ, ಮಕ್ಕಳಿಗೆ ಪಿಜ್ಜಾ. ಊಟ ಏಳೂವರೆಗೇ ಮುಗಿಸಿದೆವು, ನಡುವೆ ಸಿನಿಮಾ ನಿಲ್ಲಿಸುವಂತಿರಲಿಲ್ಲವಲ್ಲ. ಊಟದ ಕೈ ತೊಳೆದುಕೊಂಡು ಎಲ್ಲರೂ ತಾವು ತಂದಿದ್ದ ಫೋಟೋ ಹೊರಗೆ ತೆಗೆದರು. ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಸಾಲಾಗಿ ತೂಗುಹಾಕಿದೆವು. ಎರಡು ಜಡೆ ಹಾಕಿಕೊಂಡ ಒಬ್ಬ ಅಮ್ಮ, ಎನ್‌ಸಿಸಿ ಸಮವಸ್ತ್ರದ ಇನ್ನೊಬ್ಬರು.

ನಮ್ಮ ಅಪ್ಪನ ಫೋಟೋವನ್ನು ಊರಿನಿಂದ ಅತ್ತೆ ವಾಟ್ಸ್ಯಾಪಿನಲ್ಲಿ ಕಳಿಸಿದ್ದರು, ಹಿಂಬದಿಯದನ್ನೂ ಸೇರಿಸಿ. ನಾನು ಎರಡೂ ಬದಿ ಪ್ರಿಂಟ್ ಹಾಕಿಸಿದ್ದೆ. ಸ್ಟುಡಿಯೋದ ಕುರ್ಚಿಯ ಬೆನ್ನಿನ ಮೇಲೆ ಎಡಗೈ ಇಟ್ಟು ನಿಂತ ಸಣಕಲು ಹುಡುಗ. ಆ ಕೈಯ ಅಂಗಿ ತೋಳು ಮಾತ್ರ ಮೊಣಕೈವರೆಗೆ ಮಡಚಿದೆ, ಇನ್ನೊಂದರದು ಗುಂಡಿ ಹಾಕಿಯೇ ಇದೆ. ಮಡಚಿದ ಕಡೆ ಒಂದು ಕೈಗಡಿಯಾರ.

“ವಾಚ್ ಕಾಣ್ಲಿ ಅಂತ ಒಂದೇ ತೋಳು ಮಡಚಿದೀರಾ ತಾತ?” ಮಗಳು ಕೇಳಿದಳು.

“ಹೂಂ ಕಣಮ್ಮ. ಅದು ನಮ್ಮ ಸೋದರಮಾವಂದು. ಸಂಜೆಯೊಳಗೆ ವಾಪಸ್ ಕೊಡ್ಬೇಕಿತ್ತು.”

ಇಷ್ಟು ವರ್ಷದಲ್ಲಿ ನನಗೆ ಈ ಮಾತು ಗೊತ್ತಿರಲಿಲ್ಲ. ಹಿಂಬದಿಯಲ್ಲಿ ಸ್ಟುಡಿಯೋದ ಮೊಹರು, ಕೆಳಗೆ ‘ಹಾಸನ, ಮೈಸೂರು ರಾಜ್ಯ’. ಕರ್ನಾಟಕ ಎಂಬ ಹೆಸರು ಬಂದದ್ದು 1973ರಲ್ಲಿ ಅಂತ ಅಪ್ಪನೇ ಮಕ್ಕಳಿಗೆಲ್ಲ ವಿವರಿಸಿದರು.

8:20 ದಾಟುತ್ತಲೇ ಸಿನಿಮಾ ಹಚ್ಚಿದೆ. ಕತ್ತಲಾಗುತ್ತಾ ಬಂದಂತೆ ಪರದೆ ತಿಳಿಯಾಯಿತು. ಡಾಕ್ ಪಾತ್ರದ ಕ್ರಿಸ್ಟೋಫರ್ ಲಾಯ್ಡ್ ಗೋಪುರ ಹತ್ತುವ ಹೊತ್ತಿಗೆ ಅರ್ಧ ಜನ ಪರದೆ ಬಿಟ್ಟು ಫಲಕ ನೋಡುತ್ತಿದ್ದರು. ಹಸಿರು ಸಾಲು 10:03. ಆಮೇಲೆ 10:04 ಬಿತ್ತು, ಮಿಂಚಿಲ್ಲ. ಅಳೆಯುವಾಗ ನಾನು ಶುರುವಿನ ಸ್ಟುಡಿಯೋ ಲಾಂಛನ ಬಿಟ್ಟಿದ್ದೆ ಅನ್ನುವುದು ಆಗ ಹೊಳೆದು ಎದೆ ಧಸಕ್ಕೆಂದಿತು. ಅಂಕಿಗಳ ನಡುವಿನ ಎರಡು ಚುಕ್ಕೆ ಮಿನುಗುತ್ತಿದ್ದಂತೆ ಮಕ್ಕಳು ಸೆಕೆಂಡ್ ಎಣಿಸತೊಡಗಿದರು. ಮೂವತ್ತೆಂಟು, ಮೂವತ್ತೊಂಬತ್ತು... ಪರದೆ ಬೆಳ್ಳಗಾಯಿತು. ಇನ್ನೂ 10:04! ಅದೇ ಗಳಿಗೆಗೆ ಪಕ್ಕದ ಬೀದಿಯಲ್ಲಿ ಯಾರೋ ಮಾರನೇ ದಿನದ ಪಟಾಕಿಯನ್ನು ಮುಂಚೆಯೇ ಹಚ್ಚಿದರು. ಎಲ್ಲರೂ ಎದ್ದು ನಿಂತು ಕೂಗಿದೆವು.

ಎಲ್ಲ ಹೋದಮೇಲೆ ಮಗಳು ಫಲಕದ ಕೆಂಪು ಸಾಲಿಗೆ ಆ ಫೋಟೋದ ದಿನ ಹಾಕಬೇಕು ಅಂತ ಕೂತಳು. ಅಪ್ಪನಿಗೆ ತಾರೀಕು ನೆನಪಿಲ್ಲ. 1968ರ ಜೂನ್, ಕಾಲೇಜು ಸೇರಿದ ಹೊಸತು, ಸಂತೆ ದಿನ, ಮಂಗಳವಾರ. ಅವಳು ಫೋನಿನಲ್ಲಿ ಆ ತಿಂಗಳ ಕ್ಯಾಲೆಂಡರ್ ತೆಗೆದಳು. 4, 11, 18, 25.

“ಮಳೆ ಹಿಡ್ಕೊಂಡಿತ್ತಾ ತಾತ?”

“ಜೋರು ಮಳೆ. ವಾಚ್ ನೆನೆಯುತ್ತೆ ಅಂತ ಟವೆಲ್ ಸುತ್ಕೊಂಡು ಹೋಗಿದ್ದೆ.”

“ಹಾಗಾದ್ರೆ 25.”

“25 ಹಾಕು. ಟೈಮು ಮಧ್ಯಾಹ್ನ ಮೂರೂವರೆ ಇರ್ಲಿ. ಐದು ಗಂಟೆ ಬಸ್ಸಿಗೆ ಮಾವ ಹೊರಡ್ತಿದ್ರು.”