ಫೋಟೊ ಚಿಕ್ಕದಾಗಲಿ, ಗೀರು ಮಾಯವಾಗದಿರಲಿ

ಸ್ನೇಹಿತರೊಬ್ಬರು ಕೀ ಕೊಡುವ ಹಳೇ ವಾಚೊಂದನ್ನು ಆನ್‌ಲೈನ್ ಹರಾಜಿಗೆ ಹಾಕಿದ್ದರು. ಗಾಜಿನ ಮೇಲೆ, 4ರ ಅಂಕಿಯ ಹತ್ತಿರ, ಕೂದಲೆಳೆಯಷ್ಟು ಸಣ್ಣ ಗೀರಿತ್ತು. ಅದು ಕಾಣಲಿ ಅಂತಲೇ ವಾಚನ್ನು ಕಿಟಕಿ ಪಕ್ಕ ಇಟ್ಟು, ಸ್ವಲ್ಪ ಓರೆ ಮಾಡಿ ಫೋಟೊ ತೆಗೆದಿದ್ದರು. ಮೂಲ ಫೋಟೊದಲ್ಲಿ ಗೀರು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಹರಾಜಿನ ಪುಟಕ್ಕೆ ಹೋಗಿದ್ದು ಒಮ್ಮೆ ಕುಗ್ಗಿಸಿ, ಸಾಲದು ಅಂತ ಮತ್ತೊಮ್ಮೆ ಕುಗ್ಗಿಸಿದ ಪ್ರತಿ. ಅದರಲ್ಲಿ ಗೀರೂ ಇರಲಿಲ್ಲ, ನಿಮಿಷದ ಗೆರೆಗಳೂ ಇರಲಿಲ್ಲ. ಕೊಂಡವರು ವಾಚು ಕೈಗೆ ಬಂದ ಕೂಡಲೇ ಗೀರು ನೋಡಿ ವಾಪಸ್ ಕಳಿಸಿದರು. ನನ್ನ ಸ್ನೇಹಿತರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಕುಗ್ಗಿಸುವಾಗ ಫೋಟೊನೇ ಅದನ್ನು ನುಂಗಿಬಿಟ್ಟಿತ್ತು.

ಇಂಥದ್ದನ್ನು ತುಂಬಾ ಸಲ ನೋಡಿದ್ದೇನೆ. ಫೋಟೊ ತೆಗೆಯಲು ಅರ್ಧ ದಿನ ಕೊಡುವವರು ಅದರ ಸೈಜ್ ಬದಲಿಸಲು ಅರ್ಧ ನಿಮಿಷವೂ ಕೊಡುವುದಿಲ್ಲ. ಎಡವುವುದು ಅಲ್ಲೇ.

ಎಷ್ಟು ದೊಡ್ಡದಿರಬೇಕು?

12 ಮೆಗಾಪಿಕ್ಸೆಲ್ ಫೋನಿನ ಫೋಟೊ ಅಂದರೆ ಸುಮಾರು 4000 × 3000 ಪಿಕ್ಸೆಲ್. ಫೈಲು ಹಲವು ಎಂಬಿ ತೂಗುತ್ತದೆ. ಹರಾಜಿನ ಪುಟಕ್ಕೆ ಅಷ್ಟು ಬೇಕಿಲ್ಲ. ಇಬೇ ಅನ್ನುವ ಹರಾಜು ತಾಣದ ನಿಯಮದಂತೆ ಉದ್ದದ ಬದಿ ಕನಿಷ್ಠ 500 ಪಿಕ್ಸೆಲ್ ಇರಲೇಬೇಕು. 1600 ಇದ್ದರೆ ಒಳ್ಳೆಯದು ಅಂತ ಅವರೇ ಸಲಹೆ ಕೊಡುತ್ತಾರೆ. ಬೇರೆ ತಾಣಗಳ ಮಿತಿ ಬೇರೆ ಇರಬಹುದು, ಒಮ್ಮೆ ನೋಡಿಕೊಳ್ಳಿ. ಅಲ್ಲಿ ಬೇರೇನೂ ಹೇಳಿಲ್ಲ ಅಂದರೆ ಉದ್ದದ ಬದಿಗೆ 1600 ಅಂತ ಇಟ್ಟುಕೊಳ್ಳಿ. ಕೊಳ್ಳುವವರು ಜೂಮ್ ಮಾಡಿ ನೋಡಲು ಅಷ್ಟು ಬೇಕು.

‘ಫೋಟೊ 50 ಕೆಬಿ ಮೀರಬಾರದು’ ಅನ್ನುವ ಹಳೇ ಸಲಹೆಯನ್ನು ಈಗಲೂ ಕೆಲವರು ಪಾಲಿಸುತ್ತಾರೆ. ಅದು ಫೋನ್ ಲೈನಿಗೆ ಮೋಡೆಮ್ ಹಚ್ಚುತ್ತಿದ್ದ ಕಾಲದ ಮಾತು. ಆಗ 350 ಕೆಬಿಯ ಒಂದು ಫೋಟೊ ತೆರೆಯಲು ಒಂದು ನಿಮಿಷದ ಹತ್ತಿರ ಕಾಯಬೇಕಿತ್ತು. ಆ ಕಾಲ ಮುಗಿಯಿತು. ಸಲಹೆಯನ್ನೂ ಬಿಟ್ಟುಬಿಡಿ.

ಮೊದಲು ಕಾಪಿ

ಮೂಲ ಫೋಟೊಗಳನ್ನು ಒಂದು ಫೋಲ್ಡರಿನಲ್ಲಿ ಹಾಗೇ ಬಿಡಿ. ಕೆಲಸವೆಲ್ಲ ಕಾಪಿಯ ಮೇಲೆ.

ಆಮೇಲೆ ಕ್ರಾಪ್

ಇದು ಕುಗ್ಗಿಸುವುದಕ್ಕಿಂತ ಮೊದಲೇ ಆಗಬೇಕು. ಈ ಕ್ರಮ ತಪ್ಪಿದರೆ ಮುಂದೆ ಏನು ಮಾಡಿದರೂ ಸರಿಹೋಗುವುದಿಲ್ಲ. ವಾಚಿನ ಲೆಕ್ಕವನ್ನೇ ನೋಡೋಣ. 4000 ಪಿಕ್ಸೆಲ್ ಅಗಲದ ಫೋಟೊದಲ್ಲಿ ವಾಚು ಇರುವುದು 1000 ಪಿಕ್ಸೆಲ್‌ನಷ್ಟು ಜಾಗದಲ್ಲಿ. ಉಳಿದದ್ದೆಲ್ಲ ಮೇಜು. ಇಡೀ ಫೋಟೊವನ್ನು 1600ಕ್ಕೆ ಇಳಿಸಿದರೆ ವಾಚು 400 ಪಿಕ್ಸೆಲ್‌ಗೆ ಇಳಿಯುತ್ತದೆ. ಮೇಜಿನ ಜೊತೆ ಗೀರೂ ಹೋಯಿತು ಅಂತಲೇ ಲೆಕ್ಕ. ಅದರ ಬದಲು ವಾಚಿನ ಸುತ್ತ ಸ್ವಲ್ಪ ಜಾಗ ಬಿಟ್ಟು 1500 × 1500ಕ್ಕೆ ಕತ್ತರಿಸಿ. ವಾಚಿನ 1000 ಪಿಕ್ಸೆಲ್ ಹಾಗೇ ಉಳಿಯುತ್ತದೆ. ಕುಗ್ಗಿಸುವ ಅಗತ್ಯವೇ ಬೀಳಲಿಲ್ಲ, ಅಲ್ವಾ?

ಹೀಗೆ ಕತ್ತರಿಸಿದ ಮೇಲೆ 1600ಕ್ಕಿಂತ ಕಡಿಮೆ ಉಳಿದರೆ ಅದನ್ನು ಎಳೆದು ದೊಡ್ಡದು ಮಾಡಬೇಡಿ. ಕ್ಯಾಮೆರಾ ಹಿಡಿಯದ ವಿವರವನ್ನು ಸಾಫ್ಟ್‌ವೇರ್ ತಂದುಕೊಡುವುದಿಲ್ಲ. ಸುಮ್ನೆ ಮಸುಕು ದೊಡ್ಡದಾಗುತ್ತದೆ. ತೀರಾ ಚಿಕ್ಕದಾಗಿದ್ದರೆ ಹತ್ತಿರ ಹೋಗಿ ಇನ್ನೊಂದು ಫೋಟೊ ತೆಗೆಯಿರಿ.

ಪಟ್ಟಿಯಲ್ಲಿ ಕಾಣುವ ಪುಟ್ಟ ಚಿತ್ರ ಎಷ್ಟೋ ಕಡೆ ಚೌಕಾಕಾರದಲ್ಲಿರುತ್ತದೆ. ಹಾಗಾಗಿ ಮೊದಲ ಫೋಟೊವನ್ನಾದರೂ ಚೌಕವಾಗಿಯೇ ಕತ್ತರಿಸಿ. ಅಂಚಿಗೆ ಬಣ್ಣದ ಪಟ್ಟಿ, ಮೇಲೆ ‘ಅಪರೂಪ’ ಅನ್ನುವ ಬರಹ ಯಾವುದೂ ಬೇಡ. ಇಬೇ ನಿಯಮದಲ್ಲಿ ಇವೆರಡಕ್ಕೂ ಅವಕಾಶ ಇಲ್ಲ.

ಈಗ ಕುಗ್ಗಿಸುವ ಕೆಲಸ

ಇಲ್ಲಿ ನಿಧಾನ ಮಾಡಿ. ಕುಗ್ಗಿಸುವುದು ಅಂದರೆ ಏನು? 3200 ಪಿಕ್ಸೆಲ್ ಅಗಲದ ಫೋಟೊ 1600 ಆಗಬೇಕಾದರೆ ಅಗಲದಲ್ಲಿ ಎರಡು, ಎತ್ತರದಲ್ಲಿ ಎರಡು, ಹೀಗೆ ನಾಲ್ಕು ಪಿಕ್ಸೆಲ್ ಇದ್ದ ಜಾಗದಲ್ಲಿ ಒಂದು ಉಳಿಯುತ್ತದೆ. ಆ ಒಂದರ ಬಣ್ಣ ಯಾವುದು ಅಂತ ಸಾಫ್ಟ್‌ವೇರ್ ತೀರ್ಮಾನಿಸಬೇಕು. ಸೋಮಾರಿ ವಿಧಾನದಲ್ಲಿ ನಾಲ್ಕರಲ್ಲಿ ಒಂದನ್ನು ಇಟ್ಟುಕೊಂಡು ಮೂರನ್ನು ಎಸೆಯುತ್ತಾರೆ. ಗೀರು ಎಸೆದ ಪಿಕ್ಸೆಲ್‌ಗಳಲ್ಲಿದ್ದರೆ ಅದು ಪೂರ್ತಿ ಮಾಯ, ಇಲ್ಲವೇ ಅಲ್ಲಲ್ಲಿ ತುಂಡಾದ ಚುಕ್ಕಿಗಳ ಸಾಲು. ನೇಯ್ದ ಬಟ್ಟೆಯ ಫೋಟೊದಲ್ಲಿ ಇದೇ ತಪ್ಪು ಅಲೆಅಲೆಯಾದ ಪಟ್ಟಿಗಳಾಗಿ ಕಾಣುತ್ತದೆ. ಬಟ್ಟೆಯಲ್ಲಿ ಅಂಥ ವಿನ್ಯಾಸವೇ ಇರುವುದಿಲ್ಲ. ಒಳ್ಳೆಯ ವಿಧಾನದಲ್ಲಿ ಸುತ್ತಲಿನ ಪಿಕ್ಸೆಲ್‌ಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಹೊಸದನ್ನು ಮಾಡುತ್ತಾರೆ. ಗೀರು ಸ್ವಲ್ಪ ತೆಳುವಾದರೂ ಗೀರಾಗಿಯೇ ಉಳಿಯುತ್ತದೆ.

ವಿಂಡೋಸ್‌ನಲ್ಲಿ ನನ್ನ ಆಯ್ಕೆ ಇರ್ಫಾನ್‌ವ್ಯೂ. ಮನೆ ಬಳಕೆಗೆ ಉಚಿತ. ಫೋಟೊ ತೆರೆದು ಕಂಟ್ರೋಲ್ ಒತ್ತಿಕೊಂಡು ಆರ್ ಒತ್ತಿ. ಬರುವ ಕಿಟಕಿಯಲ್ಲಿ ‘ರೀಸೈಜ್’, ‘ರೀಸ್ಯಾಂಪಲ್’ ಅಂತ ಎರಡು ಆಯ್ಕೆ ಇರುತ್ತವೆ. ಹೆಸರು ನೋಡಿ ಹಲವರು ರೀಸೈಜ್ ಅನ್ನೇ ಆರಿಸುತ್ತಾರೆ. ಅದೇ ಕಡಿಮೆ ಗುಣಮಟ್ಟದ್ದು. ನೀವು ರೀಸ್ಯಾಂಪಲ್ ಆರಿಸಿ, ಅದರ ಕೆಳಗಿನ ಪಟ್ಟಿಯಲ್ಲಿ ಲ್ಯಾಂಕ್ಜೋಸ್ ಆರಿಸಿ. ಜಿಂಪ್ ಅನ್ನುವ ಸಾಫ್ಟ್‌ವೇರ್ ಬಳಸುವವರು ‘ಸ್ಕೇಲ್ ಇಮೇಜ್’ಗೆ ಹೋಗಿ. ಇಂಟರ್‌ಪೊಲೇಶನ್ ಅನ್ನುವ ಕಡೆ ‘ನನ್’ (None) ಇದ್ದರೆ ಬದಲಿಸಿ ಕ್ಯೂಬಿಕ್ ಇಡಿ. ಮ್ಯಾಕ್‌ನಲ್ಲಿ ಪ್ರಿವ್ಯೂ ತೆರೆದು ‘ಅಡ್ಜಸ್ಟ್ ಸೈಜ್’ ಒತ್ತಿದರೆ ಆಯಿತು.

ಉದ್ದದ ಬದಿಗೆ ಮಾತ್ರ 1600 ಅಂತ ಬರೆಯಿರಿ. ಇನ್ನೊಂದು ಬದಿ ತಾನಾಗಿ ಬದಲಾಗಬೇಕು. ಬದಲಾಗಲಿಲ್ಲ ಅಂದರೆ ಅನುಪಾತದ ಬೀಗ ಬಿಚ್ಚಿದೆ ಅಂತ ಅರ್ಥ. ಪೇಂಟ್‌ನಲ್ಲಿ ಆ ಟಿಕ್ ಗುರುತು ತೆಗೆದುಹೋದದ್ದು ಗೊತ್ತಾಗದೆ, ದುಂಡನೆಯ ಡಯಲ್ ಮೊಟ್ಟೆಯಾಕಾರ ಆದ ಫೋಟೊಗಳನ್ನು ಹರಾಜಿನ ಪುಟಗಳಲ್ಲಿ ಬೇಕಾದಷ್ಟು ನೋಡಬಹುದು.

ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಸಂಖ್ಯೆಯನ್ನು ಮುಟ್ಟಲೇಬೇಡಿ. ‘ವೆಬ್‌ಗೆ 72 ಡಿಪಿಐ’ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಡಿಪಿಐ ಬೇಕಾಗುವುದು ಕಾಗದದ ಮೇಲೆ ಮುದ್ರಿಸುವಾಗ. ಪರದೆ ನೋಡುವುದು ಪಿಕ್ಸೆಲ್ ಎಷ್ಟಿವೆ ಅಂತ ಮಾತ್ರ. 300 ಡಿಪಿಐ ಇದ್ದ 4000 ಪಿಕ್ಸೆಲ್ ಫೋಟೊಗೆ, ಕೆಲವು ಸಾಫ್ಟ್‌ವೇರ್‌ಗಳಲ್ಲಿ ರೀಸ್ಯಾಂಪಲ್ ಟಿಕ್ ಹಾಗೇ ಇರುವಾಗ 72 ಅಂತ ಬರೆದರೆ 960 ಪಿಕ್ಸೆಲ್ ಉಳಿಯುತ್ತದೆ. ಮೇಲೆ ಹೇಳಿದ ಸ್ನೇಹಿತರು ಮಾಡಿದ್ದು ಇದನ್ನೇ. ಆಮೇಲೆ ಫೈಲು ಇನ್ನೂ ಹಗುರಾಗಲಿ ಅಂತ ಶೇ 50ಕ್ಕೆ ಇಳಿಸಿದರು. 480 ಉಳಿಯಿತು.

ಇನ್ನೊಂದು ಮಾತು. ಸೈಜ್ ಸರಿಬರಲಿಲ್ಲ ಅಂದರೆ ಕುಗ್ಗಿಸಿದ ಪ್ರತಿಯನ್ನೇ ಮತ್ತೆ ಕುಗ್ಗಿಸಬೇಡಿ. ಮೂಲಕ್ಕೆ ಹೋಗಿ, ಮೊದಲಿಂದ ಮಾಡಿ. ಕುಗ್ಗಿಸುವುದು ಒಂದೇ ಸಲ.

ಸ್ವಲ್ಪ ಹರಿತ

ಕುಗ್ಗಿದ ಫೋಟೊ ಸ್ವಲ್ಪ ಮೆತ್ತಗೆ ಕಾಣುತ್ತದೆ. ಹರಿತ ಮಾಡುವ ಕೆಲಸವನ್ನು ಕುಗ್ಗಿಸಿದ ಮೇಲೆಯೇ ಮಾಡಬೇಕು. ಇರ್ಫಾನ್‌ವ್ಯೂನ ಅದೇ ಕಿಟಕಿಯಲ್ಲಿ ರೀಸ್ಯಾಂಪಲ್ ಆದ ಮೇಲೆ ಶಾರ್ಪನ್ ಮಾಡುವ ಟಿಕ್ ಇದೆ, ಅದು ಸಾಕು. ಜಿಂಪ್‌ನ ‘ಅನ್‌ಶಾರ್ಪ್ ಮಾಸ್ಕ್’ನಲ್ಲಿ ರೇಡಿಯಸ್ ಅನ್ನು 1ರ ಒಳಗೆ ಇಡಿ. ಜಾಸ್ತಿ ಮಾಡಿದರೆ ಪ್ರತಿ ಅಂಚಿನ ಪಕ್ಕ ಬಿಳಿ ಗೆರೆ ಏಳುತ್ತದೆ, ಕೂದಲೆಳೆಯ ಗೀರು ಬಿರುಕಿನ ಹಾಗೆ ಕಾಣುತ್ತದೆ. ಇದನ್ನು ಪರದೆಯಲ್ಲಿ ಶೇ 100ರಲ್ಲಿ ಇಟ್ಟೇ ನೋಡಬೇಕು.

ಸೇವ್ ಮಾಡುವಾಗ

ಜೆಪೆಗ್ ಆಗಿ ಸೇವ್ ಮಾಡಿ, ಗುಣಮಟ್ಟ 85 ಇಡಿ. 100 ಇಟ್ಟರೆ ಫೈಲು ಊದುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. 50ಕ್ಕೆ ಇಳಿಸಿದರೆ ಅಂಕಿಗಳ ಸುತ್ತ ಕೊಳಕು ಮೆತ್ತಿದ ಹಾಗೆ ಕಾಣುತ್ತದೆ. ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲೂ ಸಣ್ಣ ವಿವರಗಳನ್ನು ಬಿಟ್ಟುಬಿಡುವುದರಿಂದ ಹೀಗಾಗುತ್ತದೆ. ಪ್ರತಿ ಸಲ ಬದಲಿಸಿ ಸೇವ್ ಮಾಡಿದಾಗಲೂ ಇನ್ನಷ್ಟು ಹೋಗುತ್ತದೆ. ಎಷ್ಟೋ ತಾಣಗಳು ನೀವು ಹಾಕಿದ ಫೋಟೊವನ್ನು ತಾವೂ ಒಮ್ಮೆ ಹಿಂಡುತ್ತವೆ. ಅದಕ್ಕಾಗಿಯೇ ನಿಮ್ಮ ಕಡೆಯಿಂದ ತೀರಾ ಹಿಂಡಿ ಕಳಿಸಬಾರದು.

ಕೆಂಪು ಅಕ್ಷರ, ಕೆಂಪು ಮುಳ್ಳು ಇರುವ ವಸ್ತುವಾದರೆ ಒಂದು ಹೆಚ್ಚಿನ ಕೆಲಸ ಇದೆ. ಜೆಪೆಗ್‌ನಲ್ಲಿ ಸಾಮಾನ್ಯವಾಗಿ ಬೆಳಕಿನ ವಿವರ ಪೂರ್ತಿ ಇರುತ್ತದೆ, ಬಣ್ಣದ ವಿವರ ಕಡಿಮೆ ಆಗಿರುತ್ತದೆ. ಕಪ್ಪು ಡಯಲ್ ಮೇಲಿನ ಕೆಂಪು ಮುಳ್ಳು ಅಂಚಿನಲ್ಲಿ ಕಲಸಿಹೋಗಲು ಕಾರಣ ಅದು. ಜಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ (ಅಲ್ಲಿ ಜೆಪೆಗ್ ಆಗಿ ಉಳಿಸುವುದಕ್ಕೆ ಅದೇ ಹೆಸರು) ಸಬ್‌ಸ್ಯಾಂಪ್ಲಿಂಗ್, ಅಂದರೆ ಬಣ್ಣದ ವಿವರ ಇಳಿಸುವ ಆಯ್ಕೆಯನ್ನು 4:4:4ಕ್ಕೆ ಬದಲಿಸಿದರೆ ಮುಳ್ಳು ನೆಟ್ಟಗೆ ಕಾಣುತ್ತದೆ.

ಫೋಟೊ ತೆಗೆದ ಜಾಗದ ಮಾಹಿತಿ ಎಷ್ಟೋ ಸಲ ಫೈಲಿನೊಳಗೇ ಅಡಗಿರುತ್ತದೆ. ನಿಮ್ಮ ಮನೆ ಎಲ್ಲಿದೆ ಅಂತ ಹರಾಜಿಗೆ ಬಂದವರಿಗೆಲ್ಲ ತಿಳಿಯಬೇಕಿಲ್ಲ. ಸೇವ್ ಮಾಡುವಾಗ ಎಕ್ಸಿಫ್ ಅನ್ನುವ ಟಿಕ್ ತೆಗೆಯಿರಿ. ಆದರೆ ಫೋಟೊ ಯಾವ ಕಡೆ ತಿರುಗಿರಬೇಕು ಅನ್ನುವ ಗುರುತು ಕೂಡ ಅದರಲ್ಲೇ ಇರುತ್ತದೆ. ಟಿಕ್ ತೆಗೆದ ಮೇಲೆ ಫೋಟೊ ಅಡ್ಡ ಮಲಗಿದರೆ ಗಾಬರಿ ಬೇಡ. ಅದನ್ನು ನೆಟ್ಟಗೆ ತಿರುಗಿಸಿ ಸೇವ್ ಮಾಡಿದರೆ ಸರಿಹೋಗುತ್ತದೆ.

ಅಡ್ಡದಾರಿಗಳು

ಫೋನಿನಿಂದ ಕಂಪ್ಯೂಟರಿಗೆ ಫೋಟೊ ಸಾಗಿಸಲು ಹಲವರು ತಮಗೆ ತಾವೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುತ್ತಾರೆ. ಹಾಗೆ ಕಳಿಸಿದರೆ ಅದು ದಾರಿಯಲ್ಲೇ ಕುಗ್ಗಿ, ಹಿಂಡಿಕೊಂಡು ಬರುತ್ತದೆ. ಕ್ರಾಪ್ ಮಾಡಲು ಆಮೇಲೆ ಏನೂ ಉಳಿದಿರುವುದಿಲ್ಲ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಕೇಬಲ್ ಇನ್ನೂ ಒಳ್ಳೆಯದು. ಪರದೆಯ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಬಟನ್ ಒತ್ತಿದರೆ ಫೋಟೊ ಚಿಕ್ಕದಾಗುತ್ತದೆ ಅನ್ನುವ ಆ್ಯಪ್‌ಗಳಲ್ಲಿ ಪಿಕ್ಸೆಲ್ ಎಷ್ಟು, ಗುಣಮಟ್ಟ ಎಷ್ಟು ಅಂತ ಕೇಳದೆ ಇರುವುದನ್ನು ಫೋನಿನಿಂದ ತೆಗೆದುಹಾಕಿ. ಮೂಲೆಯಲ್ಲಿ ತಮ್ಮ ಹೆಸರು ಒತ್ತುವುದನ್ನಂತೂ ಇಟ್ಟುಕೊಳ್ಳಲೇಬೇಡಿ.

ಐಫೋನಿನ ಫೋಟೊ ಜೆಪೆಗ್ ಬದಲು ಎಚ್‌ಇಐಸಿ ಅನ್ನುವ ಬೇರೆ ಬಗೆಯ ಫೈಲಾಗಿ ಬಂದು ಎಲ್ಲೂ ತೆರೆಯದಿದ್ದರೆ, ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿ. ಮುಂದಿನ ಫೋಟೊಗಳು ಜೆಪೆಗ್ ಆಗಿಯೇ ಬರುತ್ತವೆ.

ಐವತ್ತು ವಸ್ತು ಮಾರಲಿಕ್ಕಿದ್ದರೆ ಒಂದೊಂದಾಗಿ ಕೂರಬೇಕಿಲ್ಲ. ಕ್ರಾಪ್ ಮಾತ್ರ ಕೈಯಾರೆ ಮಾಡಿ. ಉಳಿದದ್ದನ್ನು ಇರ್ಫಾನ್‌ವ್ಯೂನಲ್ಲಿ ಬಿ ಒತ್ತಿ, ಎಲ್ಲಕ್ಕೂ ಒಟ್ಟಿಗೆ ಮುಗಿಸಬಹುದು. ವಿಂಡೋಸ್‌ನ ಪವರ್‌ಟಾಯ್ಸ್ ಅನ್ನುವ ಹೆಚ್ಚುವರಿ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ಫೈಲುಗಳ ಮೇಲೆ ಬಲ ಕ್ಲಿಕ್ ಮಾಡಿದರೂ ಸಾಕು. ಚಿಕ್ಕದು ಮಾತ್ರ ಮಾಡು, ದೊಡ್ಡದು ಮಾಡಬೇಡ ಅನ್ನುವ ಆಯ್ಕೆ ಅದರಲ್ಲಿದೆ. ಅದಕ್ಕೆ ಟಿಕ್ ಹಾಕಿ.

ಅಪ್‌ಲೋಡ್ ಆದ ಮೇಲೆ ಪುಟವನ್ನು ಫೋನಿನಲ್ಲಿ ತೆರೆದು, ಕೊಳ್ಳುವವರ ಹಾಗೆ ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿ. ಕಾಣಬೇಕಾದ ಗೀರು, ಕಲೆ, ಸವೆತ ಕಾಣುತ್ತಿಲ್ಲ ಅಂದರೆ ಅದರದ್ದೇ ಹತ್ತಿರದ ಫೋಟೊ ಒಂದನ್ನು ಸೇರಿಸಿ, ವಿವರಣೆಯಲ್ಲಿ ಅದು ಎಷ್ಟನೇ ಫೋಟೊ ಅಂತ ಬರೆಯಿರಿ. ಸ್ನೇಹಿತರ ವಾಚು ಎರಡನೇ ಸಲ ಹರಾಜಿಗೆ ಹೋದಾಗ ಮೂರನೇ ಫೋಟೊ ಪೂರ್ತಿ 4ರ ಅಂಕಿ ಮತ್ತು ಅದರ ಪಕ್ಕದ ಗೀರಿನದ್ದೇ ಆಗಿತ್ತು.