ಥರ್ಮಾಮೀಟರ್ ಹುಡುಗಿಯರ ಕೈಗೆ ಬಂದಾಗ

ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಶಿಕ್ಷಕಿ. ನಮ್ಮ ಹಾಜರಿ ಪುಸ್ತಕ ನೋಡಿದರೆ ಯಾರ ಮನೆಯ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದೆ, ಅಂದರೆ ಕೊನೆಯ ಸಲ ಪೊರೆ ಕಳಚಿದೆ, ಎಂದು ಹೇಳಿಬಿಡಬಹುದು. ರೇಷ್ಮೆ ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಸೊಪ್ಪು ಕೊಯ್ಯಲು, ಹೊರಲು, ಹಿಕ್ಕೆ ತೆಗೆಯಲು ಎಷ್ಟು ಕೈಯಿದ್ದರೂ ಸಾಲದು. ಆಗ ಶಾಲೆ ತಪ್ಪಿಸಿಕೊಳ್ಳುವವರು ಹುಡುಗಿಯರು. ಅವರ ಅಣ್ಣತಮ್ಮಂದಿರು ತರಗತಿಯಲ್ಲಿ ಕುಳಿತಿರುತ್ತಾರೆ.

ಮರಳಿ ಬಂದ ಹುಡುಗಿಗೆ ತಪ್ಪಿಹೋದ ಪಾಠವನ್ನು ಮತ್ತೆ ಹೇಳಿಕೊಡುವುದಷ್ಟೇ ನನ್ನ ಕೆಲಸವೆಂದು ನನಗೆ ಎಂದೂ ಅನ್ನಿಸಲಿಲ್ಲ. ಆ ವಾರವಿಡೀ ಅವಳು ಮಾಡಿದ್ದು ಜೀವವಿಜ್ಞಾನದ ಕೆಲಸವೇ. ಯಾವ ಹುಳು ಜ್ವರಕ್ಕೆ ಕುಳಿತಿದೆ, ಯಾವುದು ಗೂಡು ಕಟ್ಟುವಷ್ಟು ಹಣ್ಣಾಗಿದೆ, ಯಾವುದಕ್ಕೆ ಹಾಲು ರೋಗ ತಗುಲಿದೆ ಎಂದು ಅವಳ ಕಣ್ಣು ಕ್ಷಣದಲ್ಲಿ ಗುರುತಿಸುತ್ತದೆ. ಅವಳಲ್ಲಿ ಇಲ್ಲದ್ದು ಅಳತೆಯ ಸಾಧನ ಒಂದೇ.

ಶಾಲೆಯಲ್ಲಿಯೂ ಆ ಸಾಧನ ಅವಳ ಕೈಗೆ ಸಿಗುತ್ತಿರಲಿಲ್ಲ. ಹುಡುಗರು, ಹುಡುಗಿಯರು ಬೆರೆತ ಗುಂಪಿನಲ್ಲಿ ಪ್ರಯೋಗ ಮಾಡಿಸಿದರೆ ಪ್ರನಾಳ ಹಿಡಿಯುವವನು ಹುಡುಗ, ಅವನು ಹೇಳಿದ ಅಂಕಿಯನ್ನು ಅಂದವಾಗಿ ಬರೆದುಕೊಳ್ಳುವವಳು ಹುಡುಗಿ. ಇದನ್ನು ಯಾರೂ ಹೇಳಿಕೊಟ್ಟಿಲ್ಲ, ತಾನಾಗಿಯೇ ಹಾಗಾಗುತ್ತದೆ. ಆದ್ದರಿಂದ ಪ್ರಯೋಗದ ಅವಧಿಗೆ ಹುಡುಗಿಯರ ಗುಂಪುಗಳನ್ನು ಬೇರೆ ಮಾಡಿದೆ. ಗುಂಪಿನೊಳಗೂ ಅಳೆಯುವ ಕೆಲಸ ಸರದಿಯಂತೆ ಎಲ್ಲರಿಗೂ ಬರಬೇಕೆಂದು ಕಟ್ಟುನಿಟ್ಟು ಮಾಡಿದೆ. ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ನಾನು ಬಿಡಲಿಲ್ಲ.

ಮೊದಲು ಕೈಗೆತ್ತಿಕೊಂಡದ್ದು ತೇವಾಂಶ. ಎರಡು ಸಾಮಾನ್ಯ ಥರ್ಮಾಮೀಟರ್‌ಗಳನ್ನು ಹಲಗೆಗೆ ಕಟ್ಟಿ, ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಸೀಸೆಗೆ ಇಳಿಬಿಟ್ಟರೆ ಸಾಧನ ಸಿದ್ಧ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಒದ್ದೆ ಬುಡದ ಅಂಕಿ ಕೆಳಗಿಳಿಯುತ್ತದೆ. ಒಣ ಬುಡದಲ್ಲಿ 28, ಒದ್ದೆ ಬುಡದಲ್ಲಿ 25 ಡಿಗ್ರಿ ಇದ್ದರೆ ಸಾಪೇಕ್ಷ ತೇವಾಂಶ ಶೇ 78ರ ಹತ್ತಿರ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, ಶೇ 80ರಿಂದ 85 ಬೇಕು, ಬೆಳೆದ ಹುಳುವಿಗೆ 70ರಿಂದ 75 ಸಾಕು. ಹುಡುಗಿಯರು ಇದನ್ನು ಹುಳುಮನೆಯಲ್ಲಿ ತೂಗುಹಾಕಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂಕಿ ಬರೆದರು. ಬೇಸಿಗೆಯ ಮಧ್ಯಾಹ್ನ ತೇವಾಂಶ ಎಷ್ಟು ಕುಸಿಯುತ್ತದೆಂದು ಗ್ರಾಫ್ ಎಳೆದ ಮೇಲೆ, ಒದ್ದೆ ಗೋಣಿತಾಟು ಕಟ್ಟುವ ಹೊತ್ತನ್ನು ಅವರೇ ಲೆಕ್ಕ ಹಾಕತೊಡಗಿದರು. ಒಂದು ಮನೆಗೆ ಹೋದಾಗ ತಂದೆ ಮಗಳನ್ನು ಕೂಗಿ, "ಈಗ ಎಷ್ಟಿದೆ ನೋಡಮ್ಮ" ಎಂದು ಕೇಳಿದರು. ಅವಳು ನೋಡಿ ಹೇಳಿದಳು, ಅವರು ಕಿಟಕಿ ಮುಚ್ಚಿದರು. ನನಗೆ ಅಂದು ಆದ ಸಂತೋಷ ಫಲಿತಾಂಶದ ದಿನವೂ ಆಗಿಲ್ಲ.

ನೂಲು ಬಿಚ್ಚುವ ಮನೆಗಳ ಹುಡುಗಿಯರೊಂದಿಗೆ ನೂಲು ಎಷ್ಟು ದಪ್ಪ, ಎಷ್ಟು ಸಣ್ಣ ಎಂದು ಹೇಳುವ ಡೆನಿಯರ್ ಅಳೆದೆವು. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಇದೆಯೋ ಅಷ್ಟು ಡೆನಿಯರ್. ಅಂದರೆ 450 ಮೀಟರ್ ನೂಲು 1 ಗ್ರಾಂ ತೂಗಿದರೆ ಅದು 20 ಡೆನಿಯರ್. ಹಳೆಯ ಸೈಕಲ್ ಚಕ್ರದ ವ್ಯಾಸ ಅಳೆದು, ಪರಿಧಿ ಕಂಡುಹಿಡಿದು, 450 ಮೀಟರಿಗೆ ಎಷ್ಟು ಸುತ್ತು ಬೇಕೆಂದು ಲೆಕ್ಕ ಮಾಡಿ ಸುತ್ತಿದರು. ಚಿನ್ನ ತೂಗುವಂಥ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಸಾಕಾಯಿತು. ಗಣಿತವೆಂದರೆ ಹಿಂದೆ ಸರಿಯುತ್ತಿದ್ದ ಹುಡುಗಿಯೊಬ್ಬಳು ಪೈ ಬೆಲೆಯನ್ನು ಎಷ್ಟು ದಶಮಾಂಶ ಸ್ಥಾನದವರೆಗೆ ತೆಗೆದುಕೊಳ್ಳಬೇಕೆಂದು ವಾದಕ್ಕೆ ನಿಂತಳು.

ಸೂಕ್ಷ್ಮದರ್ಶಕದ ಪಾಠಕ್ಕೆ ರೇಷ್ಮೆ ಹುಳುವಿಗೆ ಬರುವ ಗಂಟು ರೋಗದ (ಪೆಬ್ರಿನ್) ಕಥೆ ಹೇಳುತ್ತೇನೆ. 1865ರಲ್ಲಿ ಲೂಯಿ ಪಾಶ್ಚರ್ ಫ್ರಾನ್ಸಿನ ರೇಷ್ಮೆ ಸೀಮೆಗೆ ಹೋಗಿ ಈ ರೋಗದ ಅಧ್ಯಯನಕ್ಕೆ ತೊಡಗಿದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗಾಣು ಕಂಡರೆ ಅದರ ಮೊಟ್ಟೆಗಳನ್ನು ನಾಶಮಾಡುವ ಕ್ರಮವನ್ನು ರೂಢಿಗೆ ತಂದರು. ಮೊಟ್ಟೆ ತಯಾರಿಸುವ ಕೇಂದ್ರಗಳಲ್ಲಿ ಇಂದಿಗೂ ಅದೇ ಕ್ರಮವಿದೆ. ತಮ್ಮ ಮನೆಗೆ ಬರುವ ಮೊಟ್ಟೆಯ ಹಿಂದೆ ಇಂಥದೊಂದು ಪರೀಕ್ಷೆ ಇದೆ, ಅದನ್ನು ಮಾಡುವವರಿಗೆ ಸಂಬಳವಿದೆ ಎಂದು ತಿಳಿದಾಗ ಹುಡುಗಿಯರ ಪ್ರಶ್ನೆಗಳು ಬೇರೆ ದಾರಿ ಹಿಡಿಯುತ್ತವೆ.

ತರಗತಿಯ ಆಚೆಗಿನ ದಾರಿಗೆ ಕಾಗದಪತ್ರದ ಕೆಲಸ ಬಹಳ. ಶಾಲಾ ಮಕ್ಕಳ ಹೊಸ ಆಲೋಚನೆಗಳಿಗೆ ನೆರವಾಗುವ ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಹೊಸ ಆಲೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೇ ಬರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಶಾಲಾ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅಲ್ಲೇ ತೊಡಕು. ಹೀಗಾಗಿ ಎಂಟನೇ ತರಗತಿಗೆ ಸೇರಿದ ತಿಂಗಳಲ್ಲೇ ಹುಡುಗಿಯರ ದಾಖಲೆ ಸರಿಪಡಿಸಿ ಖಾತೆ ತೆರೆಸುತ್ತೇನೆ. ಬಡ ಕುಟುಂಬದ ಪ್ರತಿಭಾವಂತ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನಕ್ಕೂ ಅದೇ ಖಾತೆ ಬೇಕು. ಎಂಟನೆಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಪಿಯುಸಿ ಮುಗಿಯುವವರೆಗೂ ಹಣ ಬರುತ್ತದೆ ಎಂಬ ಮಾತು ಮನೆಯವರ ಮುಂದೆ ನನ್ನ ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡಿದೆ.

ಮನೆಗೆ ಹೋಗಿ ಮಾತನಾಡುವುದನ್ನು ಒಂಬತ್ತನೇ ತರಗತಿಯಲ್ಲೇ ಆರಂಭಿಸಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಹೊತ್ತಿಗೆ ಮನೆಯವರು ತೀರ್ಮಾನ ಮಾಡಿಯಾಗಿರುತ್ತದೆ. "ಸೈನ್ಸ್ ಕಾಲೇಜು ದೂರ, ಬಸ್ ಸಂಜೆ ತಡ, ಮೇಡಂ" ಎನ್ನುವ ತಾಯಿಯ ಆತಂಕ ಸುಳ್ಳಲ್ಲ. ಅದೇ ಹಾದಿಯಲ್ಲಿ ಓಡಾಡುವ ಹಿರಿಯ ವಿದ್ಯಾರ್ಥಿನಿಯನ್ನು ಜೊತೆಗೆ ಕರೆದೊಯ್ದು ಅವಳಿಂದಲೇ ಹೇಳಿಸುತ್ತೇನೆ. ಇನ್ನೊಂದು ಭಯ ಇಂಗ್ಲಿಷಿನದು. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ, ಪಿಯುಸಿಯಲ್ಲಿ ಒಮ್ಮೆಲೇ ಇಂಗ್ಲಿಷ್. ಹತ್ತನೇ ತರಗತಿಯಿಡೀ ಪ್ರತಿ ಪಾಠದ ಪದಗಳನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಒಂದೇ ಪುಸ್ತಕಕ್ಕೆ ಬರೆಸುತ್ತೇನೆ. ಕಾಲೇಜಿಗೆ ಹೋದವರು ಆ ಪುಸ್ತಕವನ್ನು ತಂಗಿಯರಿಗೂ ಕೊಡುವುದಿಲ್ಲ! ಇಷ್ಟಾದರೂ ಕೆಲವು ಮನೆಗಳ ಬಾಗಿಲು ತೆರೆಯಲಿಲ್ಲ, ಆ ಹುಡುಗಿಯರ ಮುಖ ನನಗೆ ಮರೆತಿಲ್ಲ.

ಚಿಂತಾಮಣಿಯಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ ಎಂಬುದು ಇಲ್ಲಿನ ಎಷ್ಟೋ ತಂದೆತಾಯಿಗೆ ಗೊತ್ತೇ ಇರುವುದಿಲ್ಲ. ಕೃಷಿ ಪದವಿಗಳ ಪ್ರವೇಶದಲ್ಲಿ ಕೃಷಿಕರ ಮಕ್ಕಳಿಗೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ದುಡಿದ ಹುಡುಗಿಗೆ ಆ ದುಡಿಮೆಯೇ ಅಂಕ ತರುವ ಜಾಗ ಅದು. ಸಿಇಟಿಯಲ್ಲಿ ಇದಲ್ಲದೆ ಗ್ರಾಮೀಣ ಮೀಸಲಾತಿ ಶೇ 15, ಕನ್ನಡ ಮಾಧ್ಯಮ ಮೀಸಲಾತಿ ಶೇ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಎರಡು ವರ್ಷ ಬಿಟ್ಟು ಅಲೆದಾಡಿಸುವ ಬದಲು, ವರ್ಗಾವಣೆ ಪತ್ರ ಪಡೆಯಲು ಬಂದ ದಿನವೇ ನಮೂನೆ ತುಂಬಿಸಿ, ಸಹಿ ಹಾಕಿಸಿ, ನೆರಳು ಪ್ರತಿಯೊಂದನ್ನು ಶಾಲೆಯ ಕಡತದಲ್ಲಿ ಇಟ್ಟುಕೊಂಡು ಮೂಲಪ್ರತಿಯನ್ನು ಹುಡುಗಿಯ ಕೈಗೆ ಕೊಡುತ್ತೇನೆ.