ಉಂಡದ್ದು ಮೈಗೆ ಹತ್ತಲು ಹದಿನಾಲ್ಕು ತಿಂಗಳು

ಮದುವೆಯಾಗಿ ವಿಜಯಪುರಕ್ಕೆ ಬಂದಾಗ ನನ್ನ ತೂಕ 44 ಕೆಜಿ. ಮೂರು ವರ್ಷದಲ್ಲಿ 39ಕ್ಕೆ ಇಳಿದೆ. ಎತ್ತರ ಐದು ಅಡಿ ಎರಡು ಇಂಚು. ಊಟದಲ್ಲಿ ನಾನು ಯಾರಿಗೂ ಕಮ್ಮಿ ಇರಲಿಲ್ಲ. "ಉಂಡಿದ್ದು ಮೈಗೆ ಹತ್ತವಲ್ತು ನೋಡ್ರಿ ಈ ಹುಡುಗಿಗೆ" ಅಂತ ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ಅನಿಸುತ್ತದೆ, ನನ್ನ ಕಾಯಿಲೆ ಏನು ಅಂತ ಮೊದಲು ಸರಿಯಾಗಿ ಹೇಳಿದವರು ಅವರೇ.

ದಪ್ಪ ಆಗಲು ಜನ ಹೇಳಿದ್ದನ್ನೆಲ್ಲ ಮಾಡಿದೆ. ರಾತ್ರಿ ಒಂದು ಲೋಟ ಹಾಲು, ಬೆಳಿಗ್ಗೆ ಬಾಳೆಹಣ್ಣಿನ ಜೊತೆ ಮತ್ತೊಂದು ಲೋಟ, ತುಪ್ಪ ಸುರಿದ ಗೋಧಿ ಹುಗ್ಗಿ. ಮೇಲೆ ಅಂಗಡಿಯಿಂದ ತಂದ ಮಾಲ್ಟ್ ಪುಡಿ ಬೇರೆ. ಹೊಟ್ಟೆ ಡೊಳ್ಳಿನಂತೆ ಉಬ್ಬಿ, ದಿನಕ್ಕೆ ನಾಲ್ಕು ಸಲ ಬಚ್ಚಲಿಗೆ ಓಡುವುದು ಮಾತ್ರ ಜಾಸ್ತಿ ಆಯಿತು. ಆ ಪುಡಿಯ ಮಾಲ್ಟ್ ಅಂದರೆ ಮೊಳಕೆ ಬರಿಸಿದ ಜವೆಗೋಧಿ. ಅದೂ ನನಗೆ ವಿಷವೇ ಅಂತ ಆಮೇಲೆ ಗೊತ್ತಾಯಿತು.

ಗುಟ್ಟು ಬಿಟ್ಟುಕೊಟ್ಟಿದ್ದು ತೂಕ ಅಲ್ಲ, ರಕ್ತ. ಹಿಮೋಗ್ಲೋಬಿನ್ 7.8 ಇತ್ತು. ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿದರೂ ಕದಲಲಿಲ್ಲ. ಮೂರನೇ ಡಾಕ್ಟರು ಕೇಳಿದರು, "ಮಾತ್ರಿ ಹೊಟ್ಟಿಗೆ ಹೋಗ್ತದ, ರಕ್ತಕ್ಕ ಹೋಗವಲ್ದು ಅಂದ್ರ ನಡುವ ಏನೋ ಅದ ಅಲ್ರಿ?" ಟಿಟಿಜಿ ಅನ್ನುವ ರಕ್ತಪರೀಕ್ಷೆ ಬರೆದರು. ಅದು ತುಂಬಾ ಏರಿತ್ತು. ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನಿಂದ ಚೂರು ತೆಗೆದು ನೋಡಿದರು. ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿ ಕರುಳಿಗೆ ಆಗದ ಕಾಯಿಲೆ.

ಈ ಪರೀಕ್ಷೆಗಳು ಮುಗಿಯುವ ಮೊದಲೇ ಯಾರೋ ಹೇಳಿದರು ಅಂತ ನಾನೇ ಗೋಧಿ ಬಿಡಲು ಹೊರಟಿದ್ದೆ. ಡಾಕ್ಟರು ತಡೆದರು. ಪರೀಕ್ಷೆಗೆ ಮೊದಲೇ ಗೋಧಿ ಬಿಟ್ಟರೆ ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಕಾಣಿಸದೆ ಹೋಗಬಹುದು. ಅನುಮಾನ ಇರುವವರು ದಯವಿಟ್ಟು ಇದೊಂದನ್ನು ನೆನಪಿಡಿ.

ಸಣ್ಣ ಕರುಳಿನ ಒಳಗೋಡೆ ಹೊಸ ಟರ್ಕಿ ಟವೆಲ್ ಇದ್ದ ಹಾಗೆ, ತುಂಬಾ ಎಳೆಗಳು. ಅವೇ ಊಟದ ಸಾರ ಹೀರುವುದು. ಗೋಧಿ, ಜವೆಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನು ಹೊಟ್ಟೆಗೆ ಬಿದ್ದಾಗೆಲ್ಲ ನನ್ನ ದೇಹ ತನ್ನದೇ ಕರುಳಿನ ಮೇಲೆ ಬಿದ್ದು, ಆ ಎಳೆಗಳನ್ನು ಹಳೆ ಪಂಚೆಯ ಹಾಗೆ ಸವೆಸಿತ್ತು. ಹಾಲಿನ ಸಕ್ಕರೆ ಕರಗಿಸುವ ಲ್ಯಾಕ್ಟೇಸ್ ಹುಟ್ಟುವುದೂ ಆ ಎಳೆಗಳ ತುದಿಯಲ್ಲೇ. ಹಾಗಾಗಿ ಹಾಲೂ ಹೊಂದುತ್ತಿರಲಿಲ್ಲ. ಉತ್ತರ ಭಾರತದಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಈ ಕಾಯಿಲೆ ಇದ್ದರೆ, ದಕ್ಷಿಣದಲ್ಲಿ ಸಾವಿರಕ್ಕೆ ಒಬ್ಬರಂತೆ. ನಮ್ಮ ಕಡೆ ಬೇಗ ಯಾರ ತಲೆಗೂ ಹೊಳೆಯದಿದ್ದರೆ ಆಶ್ಚರ್ಯವಿಲ್ಲ.

ಜೋಳದ ನಾಡಿನಲ್ಲಿದ್ದೇನೆ, ಗೋಧಿ ಬಿಡುವುದೇನು ಮಹಾ ಅಂದುಕೊಂಡೆ. ಚಪಾತಿ, ಸಜ್ಜಕ, ಶ್ಯಾವಿಗೆ, ಹೋಳಿಗೆ ಎಲ್ಲ ಬಿಟ್ಟೆ. ಎರಡು ತಿಂಗಳಿಗೆ ಏರಿದ್ದು 800 ಗ್ರಾಂ. ಹೊಟ್ಟೆ ಉಬ್ಬುವುದು ನಿಲ್ಲಲೇ ಇಲ್ಲ.

ಒಂದು ದಿನ ಜೋಳ ಬೀಸಿಸಲು ನಾನೇ ಗಿರಣಿಗೆ ಹೋದೆ. ನನ್ನ ಮುಂದಿನವರದು ಗೋಧಿ. ಅದು ಮುಗಿದ ಮೇಲೆ ಗಿರಣಿಯವರು "ಒಂದ್ ಹಿಡಿ ಜೋಳ ಹಾಕಿ ತಗದ್ಬಿಡ್ತೀನ್ರಿ ಅಕ್ಕಾರ, ನಿಮ್ದು ಸ್ವಚ್ಛ ಬರ್ತದ" ಅಂದರು. ಹಾಗೇ ಮಾಡಿದರು ಕೂಡ. ಆಮೇಲೆ ನನ್ನ ಜೋಳ ಸುರಿದು, ಹಿಟ್ಟು ಸರಾಗ ಇಳಿಯಲಿ ಅಂತ ಕೆಳಗಿನ ಬಟ್ಟೆಯ ಚೀಲಕ್ಕೆ ಎರಡು ಏಟು ಬಡಿದರು. ಬಟ್ಟೆಯ ಮಡಿಕೆಯಲ್ಲಿ ಕೂತಿದ್ದ ಕಂದು ಹಿಟ್ಟು ದಬದಬ ಉದುರಿ ನನ್ನ ಬಿಳಿ ಹಿಟ್ಟಿನ ಮೇಲೆಯೇ ಬಿತ್ತು. ಡಬ್ಬಿ ಹಿಡಿದು ನಿಂತು ನೋಡುತ್ತಲೇ ಇದ್ದೆ. ಗ್ಲುಟೆನ್ ಇಲ್ಲ ಅಂತ ಪ್ಯಾಕೆಟ್ ಮೇಲೆ ಬರೆಯಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂ ದಾಟುವ ಹಾಗಿಲ್ಲ. ಆ ಎರಡು ಏಟಿಗೆ ಎಷ್ಟು ಬಿತ್ತೋ!

ಮೊದಲು ಅಜ್ಜಿಯ ಬೀಸುಕಲ್ಲನ್ನು ಊರಿಂದ ತರಿಸಿದೆ. ಫೋಟೋದಲ್ಲಿ ನೋಡಲು ಚೆಂದ. ಹತ್ತು ದಿನಕ್ಕೆ ರಟ್ಟೆ ಸೋತಿತು, 39 ಕೆಜಿಯ ಹೆಂಗಸು ಅದರ ಮುಂದೆ ಕೂರಬಾರದು. ಕೊನೆಗೆ ಮನೆಯಲ್ಲೇ ಇಡುವ ಸಣ್ಣ ಗಿರಣಿ ಕೊಂಡೆವು. ಅದಕ್ಕೆ ಗೋಧಿ ಇವತ್ತಿನವರೆಗೂ ತೋರಿಸಿಲ್ಲ. ಜೋಳವನ್ನೂ ನಾನೇ ಆರಿಸುತ್ತೇನೆ, ಚೀಲದಲ್ಲಿ ಗೋಧಿ ಕಾಳು ಸಿಗುವುದುಂಟು. ರೊಟ್ಟಿಗೆ ಬೇರೆ ಹಂಚು, ಬೇರೆ ಲಟ್ಟಣಿಗೆ. ಆಮೇಲೆ ಇಂಗು. ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ, ಹೆಚ್ಚಿನವಕ್ಕೆ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರುತ್ತಾರೆ. ದಿನಾ ಸಾರಿನ ಒಗ್ಗರಣೆಗೆ ನಾನು ಹಾಕುತ್ತಿದ್ದುದು ಅದನ್ನೇ.

ಇಷ್ಟಾದ ಮೇಲೆ ಮೂರು ವಾರಕ್ಕೆ ಹೊಟ್ಟೆ ತಣ್ಣಗಾಯಿತು. ತೂಕದ ಕೆಲಸ ಶುರುವಾಗಿದ್ದು ಆಗ. ಕರುಳು ಸುಧಾರಿಸುವ ಮೊದಲು ತುಂಬಿದ್ದೆಲ್ಲ ಸುಮ್ನೆ ಹೊರಗೆ ಹೋಗಿತ್ತು.

ಇಲ್ಲಿ ನಮ್ಮ ಕಡೆಯವರಿಗೆ ಹಿಡಿಸದ ಮಾತೊಂದು ಹೇಳುತ್ತೇನೆ. ತೂಕ ಏರಿಸಬೇಕಾದವರು ಜೋಳದ ರೊಟ್ಟಿಯೊಂದನ್ನೇ ನಂಬಬೇಡಿ. ನಾರು ಜಾಸ್ತಿ, ಬೇಗ ಹೊಟ್ಟೆ ತುಂಬುತ್ತದೆ. ಎರಡು ರೊಟ್ಟಿ ತಿಂದರೆ ನಾನು ಸಂಜೆವರೆಗೆ ಏನೂ ಮುಟ್ಟುತ್ತಿರಲಿಲ್ಲ. ಕಟಕ ರೊಟ್ಟಿಯಂತೂ ಆಗ ಕರುಳಿಗೆ ಭಾರ. ಮೊದಲ ಎರಡು ತಿಂಗಳು ಮೆತ್ತಗಿನ ಅನ್ನ, ಹೆಸರುಬೇಳೆ ಕಿಚಡಿ, ಮಜ್ಜಿಗೆ ಹಾಕಿದ ಜೋಳದ ನುಚ್ಚು. ಆಮೇಲೆ ಒಂದೇ ರೊಟ್ಟಿ, ಆದರೆ ಅದರ ಮೇಲೆ ಎರಡು ಚಮಚ ಶೇಂಗಾ ಚಟ್ನಿಪುಡಿ (ನಮ್ಮ ಕಡೆ ಹಿಂಡಿ ಅಂತಾರೆ), ಅದು ಮುಳುಗುವಷ್ಟು ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ. ಹೊಟ್ಟೆಯಲ್ಲಿ ಜಾಗ ಹಿಡಿಯದೆ ಒಳಗೆ ಹೋಗುತ್ತದೆ. ಒಂದು ಹಿಡಿ ಶೇಂಗಾ, 30 ಗ್ರಾಂ ಅಂದುಕೊಳ್ಳಿ, 170 ಕ್ಯಾಲೊರಿ ಜೊತೆಗೆ ಏಳು ಗ್ರಾಂ ಪ್ರೋಟೀನು. ಅದು ಬೆಳಿಗ್ಗೆ ಹತ್ತಕ್ಕೆ. ನಾಲ್ಕಕ್ಕೆ ಒಣಕೊಬ್ಬರಿ, ನಮ್ಮೂರಿನ ಒಣದ್ರಾಕ್ಷಿ, ಇಲ್ಲವೇ ಅಮೀನಗಡದ ಕರದಂಟಿನ ಒಂದು ತುಂಡು. ಕರದಂಟಿಗೆ ಹಿಟ್ಟು ಬೆರೆಸಿಲ್ಲ ಅಂತ ಕೇಳಿಕೊಂಡೇ ತರುತ್ತೇವೆ. ದಿನಕ್ಕೆರಡು ಮೊಟ್ಟೆ. ಅತ್ತೆ ಅಡುಗೆಮನೆಗೆ ಬಿಡುವುದಿಲ್ಲ, ಹಾಗಾಗಿ ಹಿತ್ತಲಲ್ಲಿ ಬೇರೆ ಒಲೆ.

ಹಾಲನ್ನು ಪೂರ್ತಿ ಬಿಟ್ಟೆ. ಗಟ್ಟಿ ಮೊಸರು, ತುಪ್ಪ ಹೊಂದಿದವು. ಹಾಲು ಹೆಪ್ಪಾಗುವಾಗ ಅದರ ಸಕ್ಕರೆ ಸ್ವಲ್ಪ ಕರಗಿರುತ್ತದೆ, ತುಪ್ಪದಲ್ಲಂತೂ ಇಲ್ಲವೇ ಇಲ್ಲ ಅನ್ನಬಹುದು. ನಾಲ್ಕನೇ ತಿಂಗಳಲ್ಲಿ ಆಸೆಬಿದ್ದು ಬೆಳಗಾವಿಯ ಕುಂದಾ ತಿಂದೆ, ಆ ರಾತ್ರಿಯ ಕಥೆ ಬೇಡ. ಒಂಬತ್ತನೇ ತಿಂಗಳಿಗೆ ಅರ್ಧ ಲೋಟ ಹಾಲು ಸುಮ್ಮನೆ ದಕ್ಕಿತು.

ಕಬ್ಬಿಣದ ಮಾತ್ರೆ ನಿಂಬೆ ಶರಬತ್ತಿನ ಜೊತೆ, ಚಹಾದಿಂದ ದೂರ. ಕ್ಯಾಲ್ಸಿಯಂ ಬೇರೆ ಹೊತ್ತಿಗೆ. ವಿಟಮಿನ್ ಡಿ, ಫೋಲಿಕ್ ಆಸಿಡ್ ಕೂಡ ಇತ್ತು. ಪ್ರಮಾಣ ನಿಮ್ಮ ಡಾಕ್ಟರನ್ನೇ ಕೇಳಿ, ನನ್ನ ಚೀಟಿ ನಿಮಗೆ ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ, ಬರಿಹೊಟ್ಟೆಯಲ್ಲಿ, ಒಂದೇ ತಕ್ಕಡಿ. ವಾರಕ್ಕೆ 150-200 ಗ್ರಾಂ ಏರುತ್ತಿತ್ತು, ಕೆಲವು ವಾರ ಏನೂ ಇಲ್ಲ. ಹದಿನಾಲ್ಕನೇ ತಿಂಗಳಿಗೆ 48.5 ಕೆಜಿ, ಹಿಮೋಗ್ಲೋಬಿನ್ 11.9. ಟಿಟಿಜಿ ಆರು ತಿಂಗಳಿಗೆ ಅರ್ಧಕ್ಕಿಂತ ಇಳಿದಿತ್ತು, ವರ್ಷಕ್ಕೆ ಸರಿಹೋಯಿತು.

ಆಮೇಲೆ ಮದುವೆ ಸೀಸನ್ ಬಂತು. ಅನ್ನ, ಸಾರು, ಬದನೆಕಾಯಿ ಪಲ್ಯ ಮಾತ್ರ ಉಂಡೆ. ಆದರೂ ತಿಂಗಳಲ್ಲಿ ಎರಡು ಕೆಜಿ ಇಳಿಯಿತು. ಸಾರಿನ ಇಂಗಿರಬಹುದು. ಹುಗ್ಗಿಯ ಸೌಟನ್ನೇ ಅನ್ನಕ್ಕೆ ಹಾಕುವುದನ್ನಂತೂ ಒಮ್ಮೆ ಕಣ್ಣಾರೆ ಕಂಡೆ. ಈಗ ಬ್ಯಾಗಿನಲ್ಲಿ ರೊಟ್ಟಿ, ಚಟ್ನಿಪುಡಿ, ಮೊಸರಿನ ಡಬ್ಬಿ ಇಟ್ಟುಕೊಂಡೇ ಹೋಗುತ್ತೇನೆ. ಮೊದಮೊದಲು ಬೀಗರು ಮುಖ ಸಣ್ಣದು ಮಾಡುತ್ತಿದ್ದರು. ಮೊನ್ನೆ ಪಂಕ್ತಿಯಲ್ಲಿ ಪಕ್ಕ ಕೂತ ಚಿಗವ್ವ, "ಯವ್ವಾ, ಆ ಹಿಂಡಿ ಇಷ್ಟ್ ನನ್ ಎಲಿಗೂ ಹಾಕು" ಅಂದಳು.